ಹರಿಕೇನ್ ಎಂಜಿನ್ ಇಳಿಸುವ ಮೊದಲು: ಹಳೆಯ ಪೆಟ್ರೋಲ್ ಜೀಪಿನ ದೋಷ ಹುಡುಕುವ ಬಗೆ

ಸೆಪ್ಟೆಂಬರ್ ಕೊನೆಯ ವಾರ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಿದ್ದಿತ್ತು. ಜೂನ್‌ನಿಂದ ಶೆಡ್ಡಿನಲ್ಲೇ ನಿಂತಿದ್ದ ಅಜ್ಜನ ಕಾಲದ ಜೀಪನ್ನು ಹೊರಗೆ ತೆಗೆದರೆ ಅದು ಮೂರೇ ಸಿಲಿಂಡರಿನಲ್ಲಿ ಕುಂಟುತ್ತಾ ಓಡಿತು. ಬಂದು ನೋಡಿದ ಮೆಕ್ಯಾನಿಕ್ ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಸೆಲ್ಫ್ ಹೊಡೆಸಿ ನೋಡಿದರು. "ಇಲ್ಲಿ ಕಂಪ್ರೆಷನ್ನೇ ಇಲ್ಲ. ಎಂಜಿನ್ ಬೋರ್ ಕೆಲಸಕ್ಕೆ ಬಂದಿದೆ, ಇಳಿಸಬೇಕು" ಎಂದರು. ಅಂದರೆ ಆ ಸಿಲಿಂಡರಿನಲ್ಲಿ ಗಾಳಿ ಒತ್ತಡಕ್ಕೆ ಸಿಗುತ್ತಿಲ್ಲ, ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿಮಾಡಲು ಎಂಜಿನ್ನನ್ನು ಗಾಡಿಯಿಂದ ಹೊರತೆಗೆಯಬೇಕು ಎಂದು. ಕೊಯ್ಲಿಗೆ ಇನ್ನೂ ಮೂರು ತಿಂಗಳಿತ್ತು, ಕೈಯಲ್ಲಿ ಅಷ್ಟು ಹಣ ಇರಲಿಲ್ಲ. ಹಣ ಇಲ್ಲದ್ದರಿಂದ ಎಂಜಿನ್ ಇಳಿಸಲಿಲ್ಲ. ಇಳಿಸದೆ ಹುಡುಕಿದ್ದರಿಂದ ನಿಜವಾದ ದೋಷ ಸಿಕ್ಕಿತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ (ಉರಿದ ಹೊಗೆಯನ್ನು ಹೊರಬಿಡುವ ಬಾಗಿಲು) ತುಕ್ಕು ಹಿಡಿದು, ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟಿತ್ತು. ಸ್ವಲ್ಪ ಸೀಮೆಎಣ್ಣೆ, ಒಂದು ಮಧ್ಯಾಹ್ನದ ಕೆಲಸ, ಅಷ್ಟರಲ್ಲಿ ಜೀಪು ಮತ್ತೆ ನಾಲ್ಕು ಸಿಲಿಂಡರಿನಲ್ಲಿ ಓಡಿತು.

ಅದೇ ಎಂಜಿನ್ ನಾಲ್ಕು ವರ್ಷದ ನಂತರ ನಿಜವಾಗಿಯೂ ಬೋರ್ ಕೆಲಸಕ್ಕೆ ಬಂತು. ಆಗ ಮನೆಯಲ್ಲೇ ಇಳಿಸಿ ಬಿಚ್ಚಿದೆವು, ಮೈಸೂರಿಗೆ ಒಯ್ದು ಬೋರ್ ಮಾಡಿಸಿದೆವು, ಮನೆಯಲ್ಲೇ ಜೋಡಿಸಿದೆವು. ಎರಡು ಸಲವೂ ಡ್ರೈವರ್ ಸೀಟಿನಲ್ಲಿ ಕೂತವನಿಗೆ ತಿಳಿದದ್ದು ಒಂದೇ: ಏರಿನಲ್ಲಿ ಎಳೆಯುತ್ತಿಲ್ಲ. ಕಾರಣಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು. ಕಡಿಮೆ ಖರ್ಚಿನಲ್ಲಿ ಎಂಜಿನ್ ಕೆಲಸ ಮಾಡಬೇಕೆನ್ನುವವರು ಹಣ ಉಳಿಸುವುದು ಬಿಡಿಭಾಗ ಕೊಳ್ಳುವಾಗ ಅಲ್ಲ, ಬಿಚ್ಚುವ ಮೊದಲು. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಪಾನೆ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಯಾವ ಎಂಜಿನ್ ಎಂಬುದು

ಕೊಡಗಿನ ತೋಟಗಳಲ್ಲಿ ಇಂದಿಗೂ ಉಳಿದಿರುವ ಸಿಜೆ3ಬಿ ಜೀಪುಗಳಲ್ಲಿ ಬಹಳಷ್ಟಕ್ಕೆ ಡೀಸೆಲ್ ಎಂಜಿನ್ ಕೂರಿಸಿಯಾಗಿದೆ. ಇಲ್ಲಿ ಹೇಳುತ್ತಿರುವುದು ಮೂಲದ ಪೆಟ್ರೋಲ್ ಎಂಜಿನ್, ಅಂದರೆ ವಿಲ್ಲಿಸ್ ಕಂಪನಿಯ ಹರಿಕೇನ್, ಇದ್ದ ಹಾಗೆಯೇ ಉಳಿದಿರುವ ಜೀಪಿನ ಬಗ್ಗೆ. ನಾಲ್ಕು ಸಿಲಿಂಡರ್, 2199 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 79.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆಕೆಳಗೆ ಚಲಿಸುವ ದೂರ) 111.1 ಮಿ.ಮೀ. ಬೋರಿಗಿಂತ ಸ್ಟ್ರೋಕ್ ಇಷ್ಟು ಉದ್ದವಿರುವುದರಿಂದಲೇ ಕೆಸರಿನ ದಾರಿಯಲ್ಲಿ ನಿಧಾನವಾಗಿ ಹೋಗುವಾಗಲೂ ಅದಕ್ಕೆ ಎಳೆಯುವ ಬಲ ಇರುತ್ತದೆ. ಇದಕ್ಕೂ ಹಿಂದಿನ ಜೀಪ್ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಬ್ಲಾಕಿನಲ್ಲೇ, ಅಂದರೆ ಸಿಲಿಂಡರುಗಳಿರುವ ಕೆಳಗಿನ ಭಾಗದಲ್ಲೇ, ಇದ್ದವು. ಹರಿಕೇನ್‌ನಲ್ಲಿ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವನ್ನು ಮೇಲೆ ಹೆಡ್ಡಿಗೆ (ಸಿಲಿಂಡರುಗಳ ಮುಚ್ಚಳಕ್ಕೆ) ಏರಿಸಿ, ಎಕ್ಸಾಸ್ಟ್ ವಾಲ್ವನ್ನು ಕೆಳಗೆ ಬ್ಲಾಕಿನಲ್ಲೇ ಉಳಿಸಿದರು. ಎಂಜಿನ್ ಎತ್ತರವಾಯಿತು, ಅದಕ್ಕೆ ಜಾಗ ಮಾಡಲು 1953ರ ಸಿಜೆ3ಬಿಯ ಬಾನೆಟ್ ಕೂಡ ಎತ್ತರವಾಯಿತು. ದೂರದಿಂದ ನೋಡಿದರೂ ಈ ಜೀಪಿನ ಗುರುತು ಸಿಗುವುದು ಆ ಎತ್ತರದ ಬಾನೆಟ್ಟಿನಿಂದ.

ದೋಷ ಹುಡುಕುವವನಿಗೆ ಈ ರಚನೆ ದೊಡ್ಡ ಅನುಕೂಲ. ಇನ್‌ಲೆಟ್ ವಾಲ್ವ್ ಕೆಟ್ಟಿದ್ದರೆ ಕೆಲಸ ಹೆಡ್ಡಿಗೆ ಸೀಮಿತ. ಎಕ್ಸಾಸ್ಟ್ ವಾಲ್ವ್ ಸಿಕ್ಕಿಹಾಕಿಕೊಂಡಿದ್ದರೆ ಹೆಡ್ ತೆಗೆಯದೆಯೇ ಬ್ಲಾಕಿನ ಪಕ್ಕದ, ವಾಲ್ವನ್ನು ಮೇಲೆತ್ತುವ ಟ್ಯಾಪೆಟ್‌ಗಳ ಕವರ್ ಬಿಚ್ಚಿ ನೋಡಬಹುದು. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ದಾರಿ ಎಂಜಿನ್ನೇ ಕೊಟ್ಟಿದೆ.

ಮೊದಲು ಹ್ಯಾಂಡಲ್

ಜೀಪಿನ ಮುಂದಿನಿಂದ ತೂರಿಸುವ ಸ್ಟಾರ್ಟಿಂಗ್ ಹ್ಯಾಂಡಲನ್ನು ಗುಜರಿಗೆ ಹಾಕಿದವರು ಇದ್ದಾರೆ. ನನ್ನ ಮಟ್ಟಿಗೆ ಅದು ಈ ಗಾಡಿಯ ಅತ್ಯುತ್ತಮ ಪರೀಕ್ಷಾ ಸಾಧನ. ಇಗ್ನಿಷನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹ್ಯಾಂಡಲನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಬದಿಯಲ್ಲೇ ಇರಲಿ, ಹಿಡಿಯನ್ನು ಸುತ್ತುವರಿದು ಹಿಡಿಯಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಮೂಳೆ ಮುರಿಯುತ್ತದೆ. ಎರಡು ಸುತ್ತಿನಲ್ಲಿ ನಾಲ್ಕು ಸಲ ಕೈಗೆ ತಡೆ ಸಿಗಬೇಕು, ನಾಲ್ಕೂ ಒಂದೇ ತೂಕದ್ದಾಗಿರಬೇಕು. ತಡೆ ಬಂದಾಗ ಹ್ಯಾಂಡಲನ್ನು ಅಲ್ಲಿಯೇ ಒತ್ತಿ ಹಿಡಿದು ನಿಲ್ಲಿ. ಒಳ್ಳೆಯ ಸಿಲಿಂಡರ್ ಕೈಯನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಪಿಸ್ಟನ್ನಿನ ಸುತ್ತಲಿನ ರಿಂಗ್ ಸವೆದ ಸಿಲಿಂಡರ್ ಮೆಲ್ಲಗೆ ಸೋಲುತ್ತದೆ, ಹ್ಯಾಂಡಲ್ ತಾನಾಗಿ ಜಾರಿ ಕೆಳಗಿಳಿಯುತ್ತದೆ. ವಾಲ್ವ್ ತೆರೆದು ನಿಂತಿದ್ದರೆ ತಡೆಯೇ ಇರುವುದಿಲ್ಲ; ಏಣಿಯ ಒಂದು ಮೆಟ್ಟಿಲು ತಪ್ಪಿದಂತೆ ಕೈ ಮುಂದಕ್ಕೆ ಬೀಳುತ್ತದೆ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಒಂದನೇ ಸಿಲಿಂಡರ್ ಯಾವುದೆಂದು ಗುರುತು ಮಾಡಿಕೊಂಡರೆ ತಡೆ ತಪ್ಪಿದ್ದು ಯಾವುದು ಎಂಬುದು ಕೈಯಲ್ಲೇ ಲೆಕ್ಕಕ್ಕೆ ಸಿಗುತ್ತದೆ. ನಾನು ಪ್ರತಿ ತಿಂಗಳು ಇದನ್ನು ಮಾಡುತ್ತೇನೆ. ಒಂದೇ ಕೈ, ಒಂದೇ ಎಂಜಿನ್ ಆದ್ದರಿಂದ ಬದಲಾವಣೆ ಬೇಗ ತಿಳಿಯುತ್ತದೆ.

ಗೇಜ್ ಓದುವಾಗ ಮಡಿಕೇರಿಯ ಎತ್ತರ ಮರೆಯಬೇಡಿ

ಇಲ್ಲಿಯ ಎಷ್ಟೋ ಎಂಜಿನ್‌ಗಳನ್ನು ಕಾಲಕ್ಕೆ ಮೊದಲೇ ಇಳಿಸುವುದು ಈ ಒಂದು ತಪ್ಪಿನಿಂದ ಎಂದು ನಾನು ನಂಬಿದ್ದೇನೆ.

ಕಂಪ್ರೆಷನ್ ನೋಡುವ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗೆ ಬಂದಿರಬೇಕು, ಕಾಯಿಲ್ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ಕಂಪನಿಯ ಕೈಪಿಡಿಯ ಪ್ರಕಾರ ಈ ಎಂಜಿನ್ನಿಗೆ ಚದರ ಇಂಚಿಗೆ 120ರಿಂದ 130 ಪೌಂಡ್ ಬರಬೇಕು, ಸಿಲಿಂಡರುಗಳ ನಡುವೆ 10 ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆದರೆ ಆ ಅಂಕಿ ಸಮುದ್ರಮಟ್ಟದ ಗಾಳಿಗೆ ಬರೆದದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಇಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಸುಮಾರು ಶೇ. 88ರಷ್ಟು. ಸಿಲಿಂಡರ್ ಒಳಗೆ ಎಳೆದುಕೊಳ್ಳುವ ಗಾಳಿಯೇ ತೆಳುವಾಗಿರುವಾಗ ಅದನ್ನು ಒತ್ತಿದರೆ ಬರುವ ಅಂಕಿಯೂ ಅಷ್ಟೇ ಕಡಿಮೆ. ಕೈಪಿಡಿಯ 125 ಪೌಂಡ್ ಇಲ್ಲಿ 110 ಆಗುತ್ತದೆ. ಅಂದರೆ ಮಡಿಕೇರಿಯ ಪಕ್ಕದ ತೋಟದಲ್ಲಿ ನಾಲ್ಕೂ ಸಿಲಿಂಡರಿನಲ್ಲಿ 106, 108, 107, 108 ಬಂದರೆ ಆ ಎಂಜಿನ್ನಿಗೆ ಯಾವ ರೋಗವೂ ಇಲ್ಲ. ಅದನ್ನು "ಹದಿನೈದು ಪೌಂಡ್ ಕಡಿಮೆ" ಎಂದು ಬಿಚ್ಚಿದರೆ ಹೊಸ ರಿಂಗ್ ಹಾಕಿದ ಮೇಲೂ ಅದೇ ಅಂಕಿ ಬರುತ್ತದೆ.

ಎಂಜಿನ್ ಗಾಳಿಯನ್ನು ಎಷ್ಟು ಬಲವಾಗಿ ಹೀರುತ್ತದೆ ಎಂದು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜಿನದೂ ಇದೇ ಕಥೆ. ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಇಳಿಯುತ್ತದೆ. ಒಮ್ಮೆ ಗೇಜನ್ನು ಜೀಪಿಗೆ ಕಟ್ಟಿಕೊಂಡೇ ಸಂಪಾಜೆಗೆ ಇಳಿದೆ. ಮನೆಯ ಅಂಗಳದಲ್ಲಿ ಐಡಲ್‌ನಲ್ಲಿ ಹದಿನೈದೂವರೆ ಇಂಚು ತೋರಿಸುತ್ತಿದ್ದ ಮುಳ್ಳು ಘಾಟಿಯ ಬುಡದಲ್ಲಿ ಹತ್ತೊಂಬತ್ತಕ್ಕೆ ಹತ್ತಿರ ನಿಂತಿತು. ಎಂಜಿನ್ ಅದೇ, ದಿನ ಅದೇ, ಸ್ಕ್ರೂ ಕೂಡ ಮುಟ್ಟಿರಲಿಲ್ಲ. ಅಂಕಿಗಿಂತ ಮುಳ್ಳಿನ ನಡವಳಿಕೆಗೆ ಬೆಲೆ ಕೊಡಿ. ಸ್ಥಿರವಾಗಿ ನಿಂತರೆ ಒಳ್ಳೆಯದು. ಒಂದೇ ಲಯದಲ್ಲಿ ಮತ್ತೆಮತ್ತೆ ಕುಸಿದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸ್ಥಿರವಾಗಿದ್ದು ತೀರಾ ಕಡಿಮೆ ಇದ್ದರೆ ಟೈಮಿಂಗ್ ಹಿಂದಿದೆ (ಕಿಡಿ ತಡವಾಗಿ ಬರುತ್ತಿದೆ), ಇಲ್ಲವೇ ಕಾರ್ಬೊರೇಟರಿನ ಬುಡದಲ್ಲಿ ಗಾಳಿ ಸೋರುತ್ತಿದೆ.

ಬೋರ್ ಕೆಲಸದ ಮೊದಲು ನಮ್ಮ ಎಂಜಿನ್ ಕೊಟ್ಟ ಅಂಕಿ ಹೀಗಿತ್ತು: 85, 80, 62, 82. ಇದು ಎತ್ತರದ ಲೆಕ್ಕ ಕಳೆದರೂ ಒಳ್ಳೆಯದಲ್ಲ. ಪ್ರತಿ ಪ್ಲಗ್ ತೂತಿಗೂ ಒಂದು ಊಟದ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದೆ: 103, 100, 92, 101. ಆಯಿಲ್ ಹೋಗಿ ರಿಂಗಿನ ಸಂದು ಮುಚ್ಚಿದ್ದರಿಂದ ಅಂಕಿ ಏರಿತು, ಹಾಗಾಗಿ ಸೋರಿಕೆ ರಿಂಗಿನ ಬಳಿ. ಆಯಿಲ್ ಹಾಕಿದರೂ ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಪಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಬಿದ್ದು, ಆಯಿಲಿಗೂ ಏಳದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ.

ಸೋರುವ ಗಾಳಿಯ ಸದ್ದು

ಇದಕ್ಕಿಂತ ಖಚಿತವಾದ ಪರೀಕ್ಷೆಗೆ ಬೇಕಾಗುವುದು ಒಂದು ಹಳೆಯ ಪ್ಲಗ್, ಅದರ ಪಿಂಗಾಣಿ ಒಡೆದು ತೆಗೆದು ಬೆಸುಗೆ ಹಾಕಿದ ಏರ್ ನಿಪ್ಪಲ್, ಮತ್ತು ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರ್. ಪರೀಕ್ಷಿಸುವ ಸಿಲಿಂಡರಿನ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಹ್ಯಾಂಡಲ್ ಹೊರಗೆಳೆದು, ಟಾಪ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, 40-50 ಪೌಂಡ್ ಗಾಳಿ ಬಿಡಬೇಕು. ಹ್ಯಾಂಡಲ್ ಒಳಗೇ ಬಿಟ್ಟರೆ ಎಂಜಿನ್ ತಿರುಗಿದಾಗ ಅದು ಎದುರಿಗಿದ್ದವರ ಮೊಣಕಾಲಿಗೆ ಬಡಿಯುತ್ತದೆ, ಎಚ್ಚರ.

ಆಮೇಲೆ ಕಿವಿಗೆ ಕೆಲಸ. ಬೆಳಗಿನ ಜಾವ ಅಥವಾ ಕೆಲಸದವರು ಊಟಕ್ಕೆ ಹೋದ ಹೊತ್ತು ಒಳ್ಳೆಯದು. ಕಾರ್ಬೊರೇಟರಿನ ಬಾಯಲ್ಲಿ ಸುಸ್ ಎಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರ್ ತುದಿಯಲ್ಲಿ ಸುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಆಯಿಲ್ ಹಾಕುವ ಕೊಳವೆಗೆ ಕಿವಿ ಕೊಟ್ಟಾಗ ಗುಂಯ್ ಎಂಬ ಸದ್ದು ಜೋರಾಗಿದ್ದರೆ ರಿಂಗ್. ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಅಲ್ಲಿ ಸಣ್ಣ ಸದ್ದು ಹೊಸ ಎಂಜಿನ್ನಿನಲ್ಲೂ ಇರುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್, ಇಲ್ಲವೇ ಬಿರುಕು.

ಮಳೆಗಾಲದಲ್ಲಿ ಸಿಕ್ಕಿಬೀಳುವ ವಾಲ್ವ್

ಎಂಜಿನ್ ಎಲ್ಲಿಯೇ ನಿಂತರೂ ಯಾವುದಾದರೂ ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿರುವುದು ಸಹಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಆ ತೇವ ಸೈಲೆನ್ಸರ್ ಮೂಲಕ ಒಳಗೆ ಏರಿ, ತೆರೆದ ವಾಲ್ವಿನ ಕಡ್ಡಿಯನ್ನೂ ಅದು ಜಾರುವ ಕೊಳವೆಯಾದ ಗೈಡನ್ನೂ ತುಕ್ಕಿನಿಂದ ಅಂಟಿಸುತ್ತದೆ. ಗುರುತು ಇಷ್ಟೇ: ನಿಲ್ಲಿಸುವ ಮೊದಲು ಚೆನ್ನಾಗಿದ್ದ ಎಂಜಿನ್, ತಿಂಗಳುಗಟ್ಟಲೆ ನಿಂತ ನಂತರ ಒಂದೇ ಸಿಲಿಂಡರಿನಲ್ಲಿ ಸೊನ್ನೆ. ಸವೆತ ಹೀಗೆ ಬರುವುದಿಲ್ಲ. ನಿಂತ ಗಾಡಿಯ ರಿಂಗ್ ಸವೆಯಲು ಕಾರಣವೇ ಇಲ್ಲ. ಆ ದಿನ ನನಗೆ ಈ ಮಾತು ಮೊದಲು ಹೊಳೆಯಲಿಲ್ಲ, ಮಾರನೆಯ ದಿನ ಹೊಳೆಯಿತು.

ಪಕ್ಕದ ಟ್ಯಾಪೆಟ್ ಕವರ್ ಬಿಚ್ಚಿ, ಒಬ್ಬರು ಹ್ಯಾಂಡಲ್ ತಿರುಗಿಸುತ್ತಿದ್ದರೆ ಇನ್ನೊಬ್ಬರು ಟಾರ್ಚ್ ಹಿಡಿದು ನೋಡಬೇಕು. ಟ್ಯಾಪೆಟ್ ಕೆಳಗಿಳಿದಾಗ ವಾಲ್ವ್ ಕೂಡ ಸ್ಪ್ರಿಂಗಿನ ಒತ್ತಡಕ್ಕೆ ಜೊತೆಯಲ್ಲೇ ಇಳಿಯಬೇಕು. ನಮ್ಮ ಮೂರನೆಯದರಲ್ಲಿ ಟ್ಯಾಪೆಟ್ ಇಳಿಯಿತು, ವಾಲ್ವ್ ಮೇಲೆಯೇ ಉಳಿಯಿತು, ನಡುವೆ ಕಿರುಬೆರಳ ಉಗುರು ತೂರುವಷ್ಟು ಸಂದು. ಸೀಮೆಎಣ್ಣೆಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ ಗೈಡಿನ ಬುಡಕ್ಕೂ ಪ್ಲಗ್ ತೂತಿಗೂ ಬಿಟ್ಟು ಎರಡು ಗಂಟೆ ಕಾದೆವು. ನಂತರ ಬ್ಲಾಕಿಗೂ ಸ್ಪ್ರಿಂಗಿನ ಕೆಳಗಿನ ಬಟ್ಟಲಿಗೂ ನಡುವೆ ಚಪ್ಪಟೆ ಕಬ್ಬಿಣ ಕೊಟ್ಟು ವಾಲ್ವನ್ನು ಕೆಳಕ್ಕೆ ಎಳೆದಾಗ ಅದು ಟಕ್ ಎಂದು ಕೂಡಿತು. ಹ್ಯಾಂಡಲ್ ತಿರುಗಿಸಿ ಮೇಲೆತ್ತುವುದು, ಮತ್ತೆ ಕೆಳಗೆಳೆಯುವುದು, ನಡುನಡುವೆ ಎಣ್ಣೆ. ಹತ್ತಿಪ್ಪತ್ತು ಸಲ ಆದ ಮೇಲೆ ಸ್ಪ್ರಿಂಗೇ ಅದನ್ನು ಎಳೆದುಕೊಳ್ಳತೊಡಗಿತು. ಸೀಮೆಎಣ್ಣೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದಿರುವುದರಿಂದ ಎಂಜಿನ್ ಓಡಿಸುವ ಮೊದಲು ಆಯಿಲ್ ಬದಲಿಸಲೇಬೇಕು.

ಹೊಗೆಯೋ ಮಂಜೋ

ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಎಲ್ಲ ಗಾಡಿಯ ಹಿಂದೆಯೂ ಬಿಳಿ ಹೊಗೆ ಇರುತ್ತದೆ. ಪೆಟ್ರೋಲ್ ಉರಿದರೆ ನೀರಿನ ಆವಿ ಬರುತ್ತದೆ, ಚಳಿಯಲ್ಲಿ ಅದು ಕಾಣುತ್ತದೆ, ಅಷ್ಟೇ. ಅರ್ಧ ಗಂಟೆ ಓಡಿಸಿ ಬಿಸಿಲಿನಲ್ಲಿ ನಿಲ್ಲಿಸಿ ನೋಡಿ. ಆಗಲೂ ಬಿಳಿ ಬರುತ್ತಿದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ ಎಂದರೆ ಪೆಟ್ರೋಲ್ ಹೆಚ್ಚು. ಬಯಲಿನಲ್ಲಿ ಸರಿಮಾಡಿದ ಕಾರ್ಬೊರೇಟರ್ ಇಲ್ಲಿಯ ತೆಳು ಗಾಳಿಯಲ್ಲಿ ಸ್ವಲ್ಪ ಹೆಚ್ಚೇ ಪೆಟ್ರೋಲ್ ಕೊಡುತ್ತದೆ.

ನೀಲಿ ಹೊಗೆಯಲ್ಲಿ ಎರಡು ಬಗೆ ಇದೆ, ಎರಡನ್ನೂ ಬೇರ್ಪಡಿಸಲು ನಮ್ಮ ಘಾಟಿಯೇ ಸಾಕು. ಮಡಿಕೇರಿಯಿಂದ ಸಂಪಾಜೆ ಕಡೆ ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಒಂದೆರಡು ಕಿಲೋಮೀಟರ್ ಇಳಿಯಿರಿ, ಸಮತಟ್ಟು ಸಿಕ್ಕಾಗ ಒತ್ತಿ, ಕನ್ನಡಿಯಲ್ಲಿ ಹಿಂದೆ ನೋಡಿ. ಒತ್ತಿದ ಕ್ಷಣಕ್ಕೆ ಒಂದು ಮುದ್ದೆ ನೀಲಿ ಹೊಗೆ ಬಂದು ನಿಂತರೆ ಇನ್‌ಲೆಟ್ ವಾಲ್ವಿನ ಗೈಡ್ ಸವೆದಿದೆ. ಇಳಿಯುವಾಗಿನ ವ್ಯಾಕ್ಯೂಮ್ ಮೇಲಿನ ಆಯಿಲನ್ನು ಗೈಡಿನ ಮೂಲಕ ಎಳೆದುಕೊಂಡಿದೆ. ಅದು ಹೆಡ್ಡಿನ ಕೆಲಸ, ಎಂಜಿನ್ ಇಳಿಸಬೇಕಿಲ್ಲ. ಮರಳಿ ಏರುವಾಗ ಉದ್ದಕ್ಕೂ ನೀಲಿ ಬರುತ್ತಿದ್ದರೆ ರಿಂಗ್. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಕಾರ್ಬೊರೇಟರ್ ಕಡೆಗೆ ಎಳೆಯುವ ಸಣ್ಣ ವಾಲ್ವ್ ನಿಮ್ಮ ಜೀಪಿನಲ್ಲಿ ಇನ್ನೂ ಉಳಿದಿದ್ದರೆ ಮೊದಲು ಅದನ್ನು ತೊಳೆಯಿರಿ. ಅದು ತೆರೆದು ನಿಂತರೂ ಎಂಜಿನ್ ಆಯಿಲ್ ಕುಡಿಯುತ್ತದೆ, ರಿಂಗ್ ಹೋದಂತೆಯೇ ಕಾಣುತ್ತದೆ.

ಏರಿನಲ್ಲಿ ಬಿಸಿಯಾಗಿ ನಿಂತು, ಇಪ್ಪತ್ತು ನಿಮಿಷ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುವ ದೋಷಕ್ಕೂ ಎಂಜಿನ್ ಒಳಭಾಗಕ್ಕೂ ಸಂಬಂಧ ಕಡಿಮೆ. ನಿಂತ ತಕ್ಷಣ ಕಾರ್ಬೊರೇಟರಿನ ಬಾಯಿ ತೆರೆದು ಆಕ್ಸಿಲರೇಟರ್ ಕಡ್ಡಿ ಅಲುಗಿಸಿ. ಪೆಟ್ರೋಲ್ ಚಿಮ್ಮದಿದ್ದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿದೆ. ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸಿ. ಚಿಮ್ಮಿದರೆ ಕಾಯಿಲ್ ಬಿಸಿಗೆ ಸೋಲುತ್ತಿದೆ. ಮಳೆಯಲ್ಲಿ ಮಾತ್ರ ಮಿಸ್ ಹೊಡೆಯುತ್ತಿದ್ದರೆ ಕತ್ತಲಾದ ಮೇಲೆ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು 20 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಪ್ಲಗ್ಗಿನದು 30 ಥೌ.

ಬಿಚ್ಚಲೇಬೇಕಾದಾಗ

ಗೋದಾಮಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸಿದೆವು. ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟದಲ್ಲಿ ಕೆಲಸ ಕಡಿಮೆ ಇದ್ದ ದಿನಗಳು. ಹೆಡ್ಡಿನ ಬೋಲ್ಟ್‌ಗಳನ್ನೆಲ್ಲ ತೆಗೆದಾಯಿತು, ಹೆಡ್ ಅಲುಗಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿದೆವು, ಅಲುಗಲಿಲ್ಲ. ಜೊತೆಗಿದ್ದ ಅಣ್ಣ ಹಾರೆ ತರಲು ಎದ್ದರು. ಆಗ ಕಾರ್ಬೊರೇಟರ್ ತೆಗೆದ ಜಾಗದ ತೂತಿಗೆ ಟಾರ್ಚ್ ಬಿಟ್ಟು ನೋಡಿದೆ. ಮಸಿ ಮೆತ್ತಿದ ಆ ಗೂಡಿನ ಒಳಗೆ, ಕರಿ ಎಣ್ಣೆಯ ನಡುವೆ, ಇನ್ನೂ ಒಂದು ಬೋಲ್ಟಿನ ತಲೆ ಕೂತಿತ್ತು. ಹರಿಕೇನ್‌ನಲ್ಲಿ ಇನ್‌ಟೇಕ್ ದಾರಿಯನ್ನು ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ, ಹೆಡ್ಡಿನ ಒಂದು ಬೋಲ್ಟ್ ಆ ದಾರಿಯ ಒಳಗೇ ಇದೆ. ಅದನ್ನು ತಿಳಿಯದೆ ಹಾರೆ ಹಾಕಿದ್ದರೆ ಹೆಡ್ ಸೀಳುತ್ತಿತ್ತು. ಈ ಎಂಜಿನ್ ಮುಟ್ಟುವವರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು.

ಎಕ್ಸಾಸ್ಟ್ ವಾಲ್ವ್ ತೆಗೆಯುವ ಮೊದಲು ಟ್ಯಾಪೆಟ್ ಕೋಣೆಯಿಂದ ಕೆಳಗೆ ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿ. ವಾಲ್ವ್ ಹಿಡಿದಿರುವ ಅರ್ಧಚಂದ್ರದ ಸಣ್ಣ ಲಾಕ್‌ಗಳು ಸ್ಪ್ರಿಂಗ್ ಒತ್ತಿದ ಕೂಡಲೇ ಹಾರುತ್ತವೆ, ಹಾರಿದ್ದು ನೇರ ಆಯಿಲ್ ತೊಟ್ಟಿಗೆ.

ಬೋರ್ ಎಷ್ಟು ಸವೆದಿದೆ ಎಂದು ತಿಳಿಯಲು ದುಬಾರಿ ಗೇಜ್ ಬೇಕಿಲ್ಲ. ಒಂದು ರಿಂಗನ್ನು ಪಿಸ್ಟನ್ನಿನಿಂದ ತಳ್ಳಿ ಬೋರಿನ ಬುಡದ ಸವೆಯದ ಭಾಗದಲ್ಲಿ ಸಮವಾಗಿ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಬೋರಿನ ಮೇಲ್ತುದಿಯಲ್ಲಿ ಸವೆತದಿಂದ ಎದ್ದ ಮೆಟ್ಟಿಲಿನ ಕೆಳಗೆ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಎಂಬುದು ಸಿಗುತ್ತದೆ. ನಮ್ಮದರಲ್ಲಿ ಕೆಳಗೆ 20 ಥೌ, ಮೇಲೆ 47 ಥೌ; ವ್ಯತ್ಯಾಸ 27, ಭಾಗಿಸಿದರೆ ಎಂಟೂವರೆ ಥೌ. ಐದು ಥೌ ದಾಟಿದರೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಬೋರ್ ಮಾಡಿಸಲೇಬೇಕು. ಇದನ್ನು ಮನೆಯಲ್ಲೇ ಅಳೆದುಕೊಂಡು ಹೋದರೆ ಅಂಗಡಿಯಲ್ಲಿ ಮಾತು ಬೇರೆ ರೀತಿ ನಡೆಯುತ್ತದೆ. ಮೈಸೂರಿನ ಬೋರಿಂಗ್ ಶಾಪ್‌ನ ಹಿರಿಯರು ಅಳೆದು, "ಇಪ್ಪತ್ತು ಥೌ ಸಾಕು ಸಾರ್, ನಲವತ್ತಕ್ಕೆ ಹೋಗಬೇಡಿ. ಮುಂದಿನವರಿಗೂ ಸ್ವಲ್ಪ ಕಬ್ಬಿಣ ಉಳಿಯಲಿ" ಎಂದರು. ಪಿಸ್ಟನ್ ಮೊದಲು ಕೊಂಡು ಬೋರಿಂಗಿಗೆ ಜೊತೆಯಲ್ಲೇ ಕೊಡಿ. ಬೋರನ್ನು ಪಿಸ್ಟನ್ನಿಗೆ ಹೊಂದಿಸಬೇಕು.

ಮರಳಿ ತಂದ ಮೇಲೆ ಕೆಲಸ ಸರಿಯಾಗಿದೆಯೇ ಎಂದು ನೋಡುವ ಹಳೆಯ ಕ್ರಮವೊಂದಿದೆ. ಮುಕ್ಕಾಲು ಇಂಚು ಅಗಲದ, 3 ಥೌ ದಪ್ಪದ ಫೀಲರ್ ಪಟ್ಟಿಯನ್ನು ಪಿಸ್ಟನ್ ಮತ್ತು ಬೋರಿನ ನಡುವೆ ಇಟ್ಟು, ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ 5ರಿಂದ 10 ಪೌಂಡ್, ಅಂದರೆ ಸುಮಾರು ಎರಡೂಕಾಲರಿಂದ ನಾಲ್ಕೂವರೆ ಕಿಲೋ ತೋರಿಸಬೇಕು. ತೋಟದವರ ಮನೆಯಲ್ಲಿ ತಕ್ಕಡಿಗೆ ಕೊರತೆ ಇಲ್ಲ. ನಮ್ಮ ನಾಲ್ಕೂ ಮೂರು ಕಿಲೋದ ಆಸುಪಾಸಿನಲ್ಲಿ ಬಂದವು.

ಬೋರನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಸಾಲದು. ಹೋನಿಂಗಿನ (ಬೋರನ್ನು ಕಲ್ಲಿನಿಂದ ಉಜ್ಜುವ ಕೆಲಸದ) ಪುಡಿ ಗೆರೆಗಳಲ್ಲೇ ಉಳಿದು ಹೊಸ ರಿಂಗನ್ನು ತಿನ್ನುತ್ತದೆ. ಬಿಸಿನೀರು, ಬಟ್ಟೆ ಸೋಪು, ಬ್ರಷ್. ಬಿಳಿ ಪಂಚೆಯ ತುಂಡಿನಲ್ಲಿ ಒರೆಸಿದಾಗ ಬೂದು ಬಣ್ಣ ಬರುವುದು ನಿಲ್ಲುವವರೆಗೆ. ತೊಳೆದ ಕೂಡಲೇ ಆಯಿಲ್ ಹಚ್ಚಿ. ನಮ್ಮ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಬೋರ್ ಕೆಂಪಾಗಿರುತ್ತದೆ.

ಖರ್ಚಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟ್ ಕತ್ತರಿಸುವುದು, ಇವು ಅಂಗಡಿಯ ಕೆಲಸ. ಚೌಕಾಸಿ ಮಾಡದೆ ಮಾಡಿಸಿ. ಬೇರಿಂಗ್ ಶೆಲ್, ರಿಂಗ್, ಎಕ್ಸಾಸ್ಟ್ ವಾಲ್ವ್, ಹೆಡ್ ಗ್ಯಾಸ್ಕೆಟ್ ಒಳ್ಳೆಯದೇ ಇರಲಿ. ಟಾರ್ಕ್ ರೆಂಚ್ ಎರವಲು ತನ್ನಿ. ಬಿಚ್ಚುವುದು, ತೊಳೆಯುವುದು, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು), ಬ್ಲಾಕಿನ ಹಿಂಭಾಗದಲ್ಲಿ ವರ್ಷಗಳಿಂದ ತುಂಬಿದ ಹೊಳೆನೀರಿನ ಕೆಸರನ್ನು ತಂತಿಯಿಂದ ಕೆರೆದು ತೆಗೆಯುವುದು, ಇವೆಲ್ಲ ನಮ್ಮ ಸಮಯ ಮಾತ್ರ ಬೇಡುತ್ತವೆ. ಆ ಕೆಸರು ಒಂದು ಬಟ್ಟಲು ತುಂಬ ಬಂತು. ನಾಲ್ಕನೇ ಸಿಲಿಂಡರಿನ ಸುತ್ತ ನೀರು ಹರಿಯಲು ಜಾಗವೇ ಉಳಿದಿರಲಿಲ್ಲ.

ಜೋಡಿಸುವಾಗ ಮೇನ್ ಬೇರಿಂಗಿನ ಒಂದೊಂದೇ ಕ್ಯಾಪ್ ಬಿಗಿದು, ಪ್ರತಿ ಸಲವೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಯಾವ ಕ್ಯಾಪ್ ಬಿಗಿದಾಗ ಅದು ಹಿಡಿಯುತ್ತದೆಯೋ ತಪ್ಪು ಅಲ್ಲಿದೆ. ಮೇನ್ ಕ್ಯಾಪ್ 65–75 ಫುಟ್ ಪೌಂಡ್, ಕನೆಕ್ಟಿಂಗ್ ರಾಡ್ 35–45, ಹೆಡ್ 60–70. ಕ್ರ್ಯಾಂಕಿನ ಹಿಂದುಮುಂದಿನ ಆಟ 4ರಿಂದ 6 ಥೌ. ವಾಲ್ವ್ ಸಂದು ತಣ್ಣಗಿದ್ದಾಗ ಇನ್‌ಲೆಟ್ 18 ಥೌ, ಎಕ್ಸಾಸ್ಟ್ 16 ಥೌ. ಬೇರೆ ಎಂಜಿನ್ನಿನ ಅಭ್ಯಾಸದಲ್ಲಿ ಇದನ್ನು ಬಿಗಿ ಮಾಡಿದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ.

ಜೋಡಿಸಿದ ಮೇಲೆ ಬರುವ ದೋಷ

ನಮ್ಮದು ಮೊದಲ ದಿನ ಸ್ಟಾರ್ಟ್ ಆಯಿತು, ಆದರೆ ಕಾರ್ಬೊರೇಟರಿನಲ್ಲಿ ಸಿಡಿಯುತ್ತಿತ್ತು. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಸರಿಮಾಡಲು ಹೋದರೆ ಅದು ತಿರುಗಬಲ್ಲಷ್ಟು ತಿರುಗಿ ಕೊನೆಗೆ ಮುಟ್ಟಿ ನಿಂತಿತು, ಇನ್ನೂ ತಿರುಗಬೇಕಿತ್ತು. ಟೈಮಿಂಗ್ ಗೇರಿನ ಗುರುತು ಎದುರುಬದುರು ಕೂಡಿಸಿದ್ದು ಖಂಡಿತ ನೆನಪಿತ್ತು. ಒಂದು ಸಂಜೆ ಪೂರ್ತಿ ಗೇರ್ ಕವರ್ ಬಿಚ್ಚುವ ಯೋಚನೆಯಲ್ಲೇ ಇದ್ದೆ. ಕಾರಣ ಇದ್ದದ್ದು ಆಯಿಲ್ ಪಂಪಿನಲ್ಲಿ. ಈ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಬ್ಲಾಕಿನ ಹೊರಗೆ ಒಂದು ಬದಿಯಲ್ಲಿದೆ, ಡಿಸ್ಟ್ರಿಬ್ಯೂಟರ್ ಎದುರು ಬದಿಯಲ್ಲಿ. ಕ್ಯಾಮ್‌ಶಾಫ್ಟ್ ತಿರುಗಿಸುವುದು ಪಂಪನ್ನು, ಪಂಪಿನ ಶಾಫ್ಟ್ ತಿರುಗಿಸುವುದು ಡಿಸ್ಟ್ರಿಬ್ಯೂಟರನ್ನು. ಪಂಪ್ ಕೂರಿಸುವಾಗ ಗೇರಿನ ಒಂದು ಹಲ್ಲು ಆಚೀಚೆ ಆದರೂ ಇಗ್ನಿಷನ್ ಅಷ್ಟೂ ಜರುಗುತ್ತದೆ. ಒಂದನೇ ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿಗೆ ತಂದು, ಪಂಪನ್ನು ಮೂರು ಬೋಲ್ಟಿನಿಂದ ಕಳಚಿ, ಒಂದು ಹಲ್ಲು ಸರಿಸಿ ಕೂರಿಸಿದೆ. ಡಿಸ್ಟ್ರಿಬ್ಯೂಟರ್ ನಡು ಜಾಗಕ್ಕೆ ಬಂತು, ಸಿಡಿತ ನಿಂತಿತು.

ಪಂಪನ್ನು ಮತ್ತೆ ಹಾಕುವಾಗ ಒಳಗೆ ಆಯಿಲ್ ತುಂಬಿಸಿಯೇ ಹಾಕಬೇಕು. ಒಣ ಪಂಪ್ ಆಯಿಲ್ ಎಳೆಯುವುದಿಲ್ಲ. ಪ್ಲಗ್ ಹೊರಗಿಟ್ಟು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆಸಿ, ಆಮೇಲೆ ಪ್ಲಗ್ ಹಾಕಿ. ಬಿಸಿಯಾದ ಮೇಲೆ ಓಟದಲ್ಲಿ 35 ಪೌಂಡಿನ ಸುತ್ತ, ಐಡಲ್‌ನಲ್ಲಿ 6ಕ್ಕಿಂತ ಕೆಳಗೆ ಇಳಿಯದಂತೆ ಇದ್ದರೆ ಬೇರಿಂಗ್ ಬಗ್ಗೆ ನೆಮ್ಮದಿ. ಹೊಸ ಎಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗುವುದು ಸಹಜ, ಅದು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯದಿದ್ದರೆ ಇಗ್ನಿಷನ್ ಹಿಂದಿದೆಯೇ ನೋಡಿ, ನಂತರ ರೇಡಿಯೇಟರ್.

ಮೊದಲ ಐದುನೂರು ಕಿಲೋಮೀಟರ್ ಆದ ಮೇಲೆ ಹೆಡ್ ಬೋಲ್ಟ್ ಮತ್ತೆ ಬಿಗಿಯುವಾಗ ಒಳಗಿನ ಆ ಒಂದು ಬೋಲ್ಟಿಗಾಗಿ ಕಾರ್ಬೊರೇಟರ್ ಮತ್ತೊಮ್ಮೆ ಕೆಳಗಿಳಿಸಬೇಕಾಗುತ್ತದೆ. ಅದಕ್ಕೆಂದೇ ಬುಡದ ಗ್ಯಾಸ್ಕೆಟ್ ಎರಡು ತಂದಿಟ್ಟುಕೊಂಡಿದ್ದೆ. ಬಿಗಿದ ನಂತರ ಕಂಪ್ರೆಷನ್ ನೋಡಿದೆ: 110, 108, 110, 109. ತಾರೀಕಿನ ಜೊತೆಗೆ ಅದನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿದ್ದೇನೆ.

ಜೂನ್ ಮೊದಲ ಮಳೆಗೆ ಸೈಲೆನ್ಸರ್ ತುದಿಗೆ ಹಾಲಿನ ಪುಡಿಯ ಖಾಲಿ ಡಬ್ಬಿ ಕವುಚಿ ಹಾಕುತ್ತೇನೆ. ಭಾನುವಾರ ಅದನ್ನು ತೆಗೆದು, ಹ್ಯಾಂಡಲ್ ಎರಡು ಸುತ್ತು ತಿರುಗಿಸಿ ನಾಲ್ಕು ತಡೆ ಎಣಿಸಿ, ಎಂಜಿನ್ನನ್ನು ಅರ್ಧ ಗಂಟೆ ಓಡಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ ಡಬ್ಬಿಯನ್ನು ಮತ್ತೆ ಕವುಚುತ್ತೇನೆ.